ಇನ್ನೊಂದ್ಸಲ ನೋಡ್ಲಾ ಮೇಡಂ?

2025ರ ಜುಲೈ ತಿಂಗಳ ಶುರು. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಜನ ಸಾಯುತ್ತಿರುವ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಹೊತ್ತಿಗೇ ಜನ ಸಾಲುಗಟ್ಟಿ ನಿಂತಿರುತ್ತಿದ್ದರು. ಅದೇ ವಾರ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಮೂರು ಜನ ಬಂದರು, ಎಲ್ಲರೂ ಮೂವತ್ತರ ಆಸುಪಾಸಿನವರು. ಇಸಿಜಿ ಆಗಿತ್ತು, ಸರಿಯಾಗೇ ಇತ್ತು. ಆದರೂ ನನ್ನೆದುರು ಕೂತು ಮಾತಾಡುವಾಗ ಕಣ್ಣು ಮಾತ್ರ ಕೈಯಲ್ಲಿದ್ದ ಸ್ಮಾರ್ಟ್ ವಾಚ್ ಕಡೆಗೇ, ಎದೆಬಡಿತ ಎಷ್ಟು ತೋರಿಸುತ್ತಿದೆ ಅಂತ. ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ ಅಂತ ತಜ್ಞರ ಸಮಿತಿ ಆಮೇಲೆ ವರದಿ ಕೊಟ್ಟಿತು. ಅದನ್ನು ಓದಿಯೂ ಇವರಿಗೆ ನಿದ್ದೆ ಬರಲಿಲ್ಲ.

ನನಗೆ ನೆನಪಾದದ್ದು 2021ರ ಮೇ ತಿಂಗಳಲ್ಲಿ ವಿಡಿಯೊ ಕಾಲ್‌ನಲ್ಲಿ ಸಿಕ್ಕ ಒಬ್ಬರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರ. ವಯಸ್ಸು ಮೂವತ್ತಾರು. ಸಹಕಾರ ಸಂಘದಲ್ಲಿ ಲೆಕ್ಕ ನೋಡುವ ಕೆಲಸ. ಮನೆಯಲ್ಲಿ ಹೆಂಡತಿ, ಸಣ್ಣ ಮಗಳು, ಸಕ್ಕರೆ ಕಾಯಿಲೆಯಿರುವ ತಾಯಿ. ಏಪ್ರಿಲ್‌ನಲ್ಲಿ ಚಿಕ್ಕಪ್ಪ ಕೋವಿಡ್‌ನಿಂದ ತೀರಿಕೊಂಡಿದ್ದರು. ಇವರಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಎರಡು ಸಲ ಮಾಡಿಸಿದ ಟೆಸ್ಟೂ ನೆಗೆಟಿವ್. ಆದರೆ ಹದಿನೈದು ದಿನದಿಂದ ಸರಿಯಾಗಿ ಮಲಗಿರಲಿಲ್ಲ.

ಅವರ ಭಯಕ್ಕೆ ಬುಡವಿಲ್ಲ ಅಂತ ನಾನು ಯಾವತ್ತೂ ಹೇಳಲಿಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಅದಕ್ಕೆ ಎರಡು ಮೂರು ದಿನ ಮುಂಚೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ದುರಂತ, ಅದೂ ಅವರ ಊರಿಂದ ತುಂಬ ದೂರವೇನಲ್ಲ. ಅಂಥ ಹೊತ್ತಲ್ಲಿ ‘ಧೈರ್ಯವಾಗಿರಿ, ಏನೂ ಆಗಲ್ಲ’ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಏನಾದರೂ ಆಗಬಹುದು ಅಂತ ಇಬ್ಬರಿಗೂ ಗೊತ್ತಿರುವಾಗ ಆ ಮಾತು ಸುಳ್ಳು. ಕೇಳುವವರು ನಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಮೊದಲ ಸಲ ನಾನು ಎಲ್ಲರಿಗೂ ಹೇಳುವಂತೆ ಟಿವಿ ಆಫ್ ಮಾಡಿ ಅಂದಿದ್ದೆ. ಮಾಡಿದರು. ಟಿವಿ ಹೋಗಿ ರಗ್ಗಿನೊಳಗೆ ಮೊಬೈಲ್ ಬಂತು, ಅಷ್ಟೇ. ಹೆದರಿಕೊಂಡ ಮನುಷ್ಯನಿಗೆ ಸುದ್ದಿ ಇಲ್ಲ ಅಂದರೆ ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಆ ಸಲಹೆ ಕೊಟ್ಟದ್ದು ನನ್ನ ತಪ್ಪು.

ಎರಡನೇ ಸಲ ಅವರು ಒಂದು ನೋಟ್‌ಬುಕ್ ತೋರಿಸಿದರು. ಲೆಕ್ಕದವರು ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ ಮಾಡಿದ್ದರು. ಸಮಯ, ಆಕ್ಸಿಜನ್, ನಾಡಿ. ಹಿಂದಿನ ದಿನದ್ದು ಎಣಿಸಲು ಹೇಳಿದೆ. ನಲವತ್ತಮೂರು ಸಲ ಆಕ್ಸಿಮೀಟರ್‌ಗೆ ಬೆರಳು ಕೊಟ್ಟಿದ್ದರು. ಹೆಚ್ಚುಕಮ್ಮಿ ಎಲ್ಲ 97, 98. ರಾತ್ರಿ ಎರಡು ಇಪ್ಪತ್ತಕ್ಕೆ ಮಾತ್ರ 91, ಸುತ್ತ ಕೆಂಪು ಇಂಕಿನಲ್ಲಿ ಎರಡು ಸುತ್ತು.

“ಅದಕ್ಕೆ ಮುಂಚೆ ಏನು ಮಾಡ್ತಿದ್ರಿ?” ಅಂತ ಕೇಳಿದೆ.

“ಏನಿಲ್ಲ ಮೇಡಂ. ಎಚ್ಚರ ಆಯ್ತು. ಆಕ್ಸಿಮೀಟರ್ ಅಮ್ಮನೂ ಮುಟ್ಟಿರ್ತಾರಲ್ಲ, ಅದಕ್ಕೆ ಕೈ ತೊಳ್ಕೊಂಡು ಬಂದು ನೋಡಿದೆ.”

ರಾತ್ರಿ ಎರಡು ಗಂಟೆಗೆ ತಣ್ಣೀರಲ್ಲಿ ತೊಳೆದ ಕೈ. ಬೆರಳು ತಣ್ಣಗಿದ್ದರೆ ಅಲ್ಲಿ ರಕ್ತ ಓಡಾಟ ಕಮ್ಮಿಯಾಗಿ ಆ ಮೆಷಿನ್ ಕಮ್ಮಿ ತೋರಿಸಬಹುದು. ಉಗುರಿಗೆ ಬಣ್ಣ ಇದ್ದರೂ, ಕೈ ಅಲ್ಲಾಡಿದರೂ ಹಾಗೆಯೇ. 91 ನೋಡಿ ಎದೆ ಹೊಡೆದುಕೊಂಡಿತು, ಉಸಿರು ಜೋರಾಯಿತು, ಬೆರಳ ತುದಿ, ತುಟಿ ಎಲ್ಲ ಜುಮ್ಮೆಂದಿತು. ಇದು ಭಯದಲ್ಲಿ ವೇಗವಾಗಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾದಾಗ ಆಗುವಂಥದ್ದು. ಆದರೆ ಅವರಿಗೆ ಅದು ಚಿಕ್ಕಪ್ಪನ ಕೊನೆಯ ರಾತ್ರಿಯ ಹಾಗೇ ಕಂಡಿತ್ತು.

ಕ್ಯಾಮೆರಾ ಮುಂದೆಯೇ ಪರೀಕ್ಷೆ ಮಾಡೋಣ ಅಂದೆ. ಮೊದಲು ಕೈ ತೊಳೆದು ಬಂದು ನೋಡಿದರು, 93. ಆಮೇಲೆ ಅಂಗೈ ಉಜ್ಜಿಕೊಂಡು ಐದು ನಿಮಿಷ ಸುಮ್ನೆ ಕೂತರು. ಕೈಯನ್ನು ತೊಡೆ ಮೇಲೆ ಇಟ್ಟು, ಬೆರಳು ಅಲ್ಲಾಡಿಸದೆ ಒಂದು ನಿಮಿಷ. 98. ಅವರ ಮುಖ ಸಡಿಲವಾಯಿತು, ಹದಿನೈದು ದಿನದಲ್ಲಿ ಮೊದಲ ಸಲ ನಕ್ಕರು ಅಂತ ಪಕ್ಕದಲ್ಲಿದ್ದ ಹೆಂಡತಿ ಅಂದರು. ನನಗೂ ಖುಷಿ. ಕಾರಣ ಸಿಕ್ಕಿತು, ಇನ್ನು ಸರಿಹೋಗುತ್ತಾರೆ ಅಂದುಕೊಂಡೆ.

ಹತ್ತು ನಿಮಿಷ ಕೂಡ ಆಗಿರಲಿಲ್ಲ. ಮಾತಿನ ಮಧ್ಯೆ ಕೈ ಮತ್ತೆ ಆ ಮೆಷಿನ್ ಕಡೆ ಹೋಯಿತು. “ಇನ್ನೊಂದ್ಸಲ ನೋಡ್ಲಾ ಮೇಡಂ?”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ, “ನೋಡಿ. ಆದರೆ ಮೊದಲು ಒಂದು ಹೇಳಿ. ಎಷ್ಟು ಬಂದ್ರೆ ನೀವು ಈ ಮೆಷಿನ್ ಕೆಳಗಿಟ್ಟು ಮಲಗ್ತೀರಿ?”

ಅವರು ನೋಟ್‌ಬುಕ್ ನೋಡಿದರು. ಹಾಳೆ ತಿರುವಿದರು. “95 ಬಂದ್ರೆ ಇಳೀತಾ ಇದೆ ಅನ್ಸುತ್ತೆ. 98 ಬಂದ್ರೆ ಮೆಷಿನ್ ಸರಿ ಇದ್ಯೋ ಇಲ್ವೋ ಅಂತ ಡೌಟು. 99 ಬಂದ್ರೆ ಇಷ್ಟು ಹೊತ್ತು ಚೆನ್ನಾಗಿದೆ, ಇನ್ನರ್ಧ ಗಂಟೆಗೆ ಏನೋ ಅಂತ...” ಅಂದವರು ತಲೆ ಎತ್ತಿದರು. “ಯಾವ ನಂಬರ್ ಬಂದ್ರೂ ಮಲಗಲ್ಲ ಮೇಡಂ.”

ಆಮೇಲೆ ಅವರಾಗೇ ಇನ್ನೊಂದು ಮಾತು ಹೇಳಿದರು. “ಚಿಕ್ಕಪ್ಪಂಗೆ ಆ ರಾತ್ರಿ ಯಾರೂ ನೋಡ್ಲಿಲ್ಲ. ನಾನೇ ಪಕ್ಕದ ರೂಮಲ್ಲಿ ಮಲಗಿದ್ದೆ.”

ಅಲ್ಲಿಗೆ ನನಗೆ ಅರ್ಥವಾಯಿತು. ಅವರು ಆ ನೋಟ್‌ಬುಕ್‌ನಲ್ಲಿ ಕಾವಲು ಕಾಯುತ್ತಿದ್ದರು. ಕಾವಲಿಗೆ ಕೂತವನಿಗೆ ‘ಎಲ್ಲ ಚೆನ್ನಾಗಿದೆ’ ಅನ್ನುವ ಸುದ್ದಿ ಕೊಟ್ಟರೆ ಅವನು ಎದ್ದು ಹೋಗುವುದಿಲ್ಲ. ನಿನ್ನ ಪಾಳಿ ಮುಗಿಯಿತು ಅಂತ ಯಾರಾದರೂ ಹೇಳಬೇಕು. ಆವತ್ತು ಉಳಿದ ಹೊತ್ತೆಲ್ಲ ಚಿಕ್ಕಪ್ಪನ ವಿಷಯವೇ ಮಾತಾಡಿದೆವು. ಅತ್ತರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾರನೇ ದಿನ ಪಾಳಿ ಗೊತ್ತು ಮಾಡಿದೆವು. ಒಂದು ಚೀಟಿಯಲ್ಲಿ ಅವರ ಕೈಯಲ್ಲೇ ಬರೆಸಿ ಬೀರು ಬಾಗಿಲಿಗೆ ಅಂಟಿಸಲು ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ, ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕೂತು. 95 ಅಥವಾ ಮೇಲಿದ್ದರೆ ಮೆಷಿನ್ ಬೀರುವಿನೊಳಗೆ. 94 ಅಥವಾ ಕೆಳಗಿದ್ದರೆ ಐದು ನಿಮಿಷ ಬಿಟ್ಟು ಇನ್ನೊಂದು ಸಲ, ಆಗಲೂ ಹಾಗೇ ಇದ್ದರೆ ತಕ್ಷಣ ಡಾಕ್ಟರಿಗೆ ಫೋನು. ಜ್ವರ ಕೆಮ್ಮು ಶುರುವಾದರೆ ಆರು ಗಂಟೆಗೊಮ್ಮೆ. ಉಸಿರು ಕಟ್ಟಿದಂತಾದರೆ ನಂಬರ್ ಎಷ್ಟೇ ಇರಲಿ ಡಾಕ್ಟರಿಗೆ ಫೋನು. ಡಾಕ್ಟರ ನಂಬರು, ಆಂಬ್ಯುಲೆನ್ಸ್ 108, ನಿಮ್ಹಾನ್ಸ್ ಸಹಾಯವಾಣಿ ನಂಬರು ಅಲ್ಲೇ ಕೆಳಗೆ. (ಮಾನಸಿಕ ಆರೋಗ್ಯದ ಸಹಾಯವಾಣಿ ಅಂತ ಈಗ ಟೆಲಿ ಮನಸ್ ಇದೆ, 14416, ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ.)

ಸುದ್ದಿ ಪೂರ್ತಿ ಬಿಡಿಸಲಿಲ್ಲ. ಆರೋಗ್ಯ ಇಲಾಖೆಯ ಸಂಜೆಯ ಬುಲೆಟಿನ್ ಒಂದು ಸಲ ನೋಡುವುದು, ಊಟ ಆದ ಮೇಲೆ ಏನೂ ಬೇಡ. ನೆಂಟರ ವಾಟ್ಸಾಪ್ ಗ್ರೂಪ್ ಬಿಟ್ಟುಬಿಡಿ ಅಂತ ಹೇಳುವುದು ಸುಲಭ. ಆದರೆ ಆ ತಿಂಗಳು ಸಾವಿನ ಸುದ್ದಿ ಬರುತ್ತಿದ್ದದ್ದೇ ಅಲ್ಲಿ, ಬಿಟ್ಟರೆ ಮನೆಯವರಿಗೇ ನೋವು. ಹಾಗಾಗಿ ಗ್ರೂಪ್ ಮ್ಯೂಟ್ ಮಾಡಿ, ಹೇಳಲೇಬೇಕಾದ್ದನ್ನು ಹೆಂಡತಿ ಬೆಳಿಗ್ಗೆ ಹೇಳುವುದು ಅಂತ ಮಾಡಿದೆವು.

ಹೆಂಡತಿಗೆ ಕೊಟ್ಟ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ದಿನಕ್ಕೆ ಇಪ್ಪತ್ತು ಸಲ “ನಂಗೇನೂ ಆಗಲ್ಲ ಅಲ್ವಾ?” ಅಂತ ಇವರು ಕೇಳುವುದು, “ಏನೂ ಆಗಲ್ಲ ರೀ” ಅಂತ ಅವರು ಹೇಳುವುದು. ಆ ಉತ್ತರ ಆಕ್ಸಿಮೀಟರ್‌ನ 98ರ ಹಾಗೆಯೇ, ಹತ್ತು ನಿಮಿಷದ್ದು. ಅದರ ಬದಲು “ಎಂಟಕ್ಕೆ ನೋಡೋಣ ರೀ” ಅನ್ನಿ ಅಂದೆ. “ಅಷ್ಟು ಕಟುವಾಗಿ ಹೇಗೆ ಹೇಳ್ಲಿ ಮೇಡಂ?” ಅಂತ ಅವರಿಗೆ ಬೇಜಾರಾಯಿತು. ಕೈ ಹಿಡಿದುಕೊಂಡು ಹೇಳಿ ಅಂದೆ.

ಪರಿಚಯದ ಡಾಕ್ಟರೊಬ್ಬರು ನನ್ನ ಮೇಲೆ ರೇಗಿದ್ದರು. ಉಸಿರಾಟದ ತೊಂದರೆ ಗೊತ್ತೇ ಆಗದೆ ಆಕ್ಸಿಜನ್ ಇಳಿದು ಜನ ಸಾಯುತ್ತಿರುವಾಗ ಕಮ್ಮಿ ನೋಡಿ ಅಂತೀರಾ ಅಂತ. ಅವರ ಕಾಳಜಿ ನ್ಯಾಯವೇ. ಆದರೆ ನಾನು ಹೇಳಿದ್ದು ರೋಗ ಇಲ್ಲದ, ಲಕ್ಷಣ ಇಲ್ಲದ ಒಬ್ಬರಿಗೆ, ಅವರ ಮನೆ ಡಾಕ್ಟರನ್ನು ಕೇಳಿಯೇ, ಅದೂ ಲಕ್ಷಣ ಬಂದರೆ ಏನು ಮಾಡಬೇಕು ಅಂತ ಬರೆಸಿಟ್ಟ ಮೇಲೆ. ನಲವತ್ತಮೂರು ಸಲ ನೋಡುವವರು ನಿಜವಾಗಿ ಇಳಿದ ದಿನ ಅದನ್ನು ಗುರುತಿಸುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಅಷ್ಟರಲ್ಲಿ ಅವರು ಎಷ್ಟು ಕೆಂಪು ಸುತ್ತು ಹಾಕಿರುತ್ತಾರೋ. ಇವತ್ತಿಗೂ ಅದೇ ಸಲಹೆ ಕೊಡುತ್ತೇನೆ. ಸ್ಮಾರ್ಟ್ ವಾಚ್‌ನವರಿಗೂ ಅದನ್ನೇ ಕೊಟ್ಟೆ, ಮೊದಲು ಹೃದಯದ ಡಾಕ್ಟರ ಹತ್ತಿರ ಮಾತಾಡಿಸಿ.

ಎರಡು ಸಲಕ್ಕೆ ಇಳಿಯಲು ಅವರಿಗೆ ಐದು ವಾರ ಹಿಡಿಯಿತು. ಮೊದಲ ವಾರ ಮೂವತ್ತರ ಮೇಲೇ ಇತ್ತು, ಚಿಕ್ಕಪ್ಪನ ತಿಂಗಳ ತಿಥಿಯ ದಿನ ಮತ್ತೆ ಏರಿತು.

2022ರ ಜನವರಿಯಲ್ಲಿ, ಮೂರನೇ ಅಲೆಯ ಹೊತ್ತಿಗೆ, ಅವರದ್ದೇ ಫೋನ್ ಬಂತು. “ಮೇಡಂ, ಪಾಸಿಟಿವ್ ಬಂದಿದೆ. ಜ್ವರ ಇದೆ. ಡಾಕ್ಟರಿಗೆ ಹೇಳಿದ್ದೀನಿ. ಎಂಟು ಗಂಟೆಗೆ 97 ಇತ್ತು, ಇನ್ನು ಮಧ್ಯಾಹ್ನ ಎರಡಕ್ಕೆ.” ದನಿ ನಡುಗುತ್ತಿತ್ತು. ನಾನು ಎರಡೂವರೆಗೆ ಫೋನ್ ಮಾಡಲಾ ಅಂತ ಕೇಳಿದೆ. ಬೇಡ, ನಾಳೆ ಮಾಡಿ ಅಂದರು.

ನಾಳೆ ಮಾಡಿದೆ. ರಾತ್ರಿ ನಡುವೆ ಚೀಟಿಯಲ್ಲಿ ಇಲ್ಲದ ಹೊತ್ತಿನಲ್ಲಿ ಒಂದು ಸಲ ಎದ್ದು ನೋಡಿದ್ದರಂತೆ. ಒಂದೇ ಸಲ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದು ಮಲಗಿದ್ದರು.