ವೈದ್ಯರ ಉತ್ತರ: ಸೊಂಟನೋವು ಮತ್ತು ಎಂಆರ್‌ಐ ಪರೀಕ್ಷೆ

ಪ್ರಶ್ನೆ: ನನಗೆ 52 ವರ್ಷ. ಕಟಪಾಡಿಯ ಸಮೀಪ ನಮ್ಮ ಮನೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟುತ್ತಿದ್ದೇನೆ. ಎರಡು ತಿಂಗಳಿಂದ ಸೊಂಟ ಹಿಡಿದುಕೊಂಡು, ನೋವು ಎಡಗಾಲಿನ ಮೀನಖಂಡದವರೆಗೆ ಸೆಳೆಯುತ್ತದೆ. ಮಾತ್ರೆ, ಮುಲಾಮು, ವ್ಯಾಯಾಮ ಎಲ್ಲ ಆಯಿತು. ಈಗ ಮಣಿಪಾಲದಲ್ಲಿ ಎಂಆರ್‌ಐ ಮಾಡಿಸಲು ಬರೆದುಕೊಟ್ಟಿದ್ದಾರೆ. ಗುಹೆಯೊಳಗೆ ಹಾಕಿದ ಹಾಗೆ ಆಗುತ್ತದೆ, ಉಸಿರು ಕಟ್ಟುತ್ತದೆ ಎಂದು ನೆರೆಮನೆಯವರು ಹೇಳಿದರು. ಮದುವೆಯ ದಿನದಿಂದ ಕರಿಮಣಿ ತೆಗೆದವಳಲ್ಲ, ಅದನ್ನೂ ತೆಗೆಯಬೇಕಾಗುತ್ತದೆಯೇ? ಆರು ವರ್ಷದ ಹಿಂದೆ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡಿದ್ದೇನೆ. ಅದರಿಂದ ತೊಂದರೆಯೇ? ಕಿರಣಗಳಿಂದ ಮುಂದೆ ಏನಾದರೂ ಆದೀತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಭಯ ಬಹಳ ಜನರಲ್ಲಿದೆ. ಎಂಆರ್‌ಐಯಲ್ಲಿ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನಿನಲ್ಲಿರುವಂಥ ಕಿರಣಗಳಿಲ್ಲ. ಅದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ಶರೀರದ ನೀರಿನಂಶದ ಚಿತ್ರವನ್ನು ತೆಗೆಯುವ ಯಂತ್ರ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ನಿಮ್ಮ ಕಾಲಿಗೆ ಇಳಿಯುವ ನರ, ಮೂಳೆಗಳ ನಡುವಿನ ಡಿಸ್ಕ್, ಸುತ್ತಲಿನ ಸ್ನಾಯು ಇವನ್ನು ತೋರಿಸುವುದರಲ್ಲಿ ಎಂಆರ್‌ಐಗೆ ಸಮನಾದದ್ದಿಲ್ಲ. ಸಾಮಾನ್ಯ ಸೊಂಟನೋವಿಗೆ ಮೊದಲ ಆರು ವಾರ ಸ್ಕ್ಯಾನ್ ಬೇಡವೆನ್ನುವುದು ವೈದ್ಯರ ನಡುವೆ ಒಪ್ಪಿತವಾದ ರೂಢಿ. ಅಷ್ಟರೊಳಗೆ ಹೆಚ್ಚಿನವರ ನೋವು ತಾನಾಗಿಯೇ ಇಳಿಯುತ್ತದೆ. ನಿಮಗೆ ಎರಡು ತಿಂಗಳು ಕಳೆದಿದೆ, ನೋವು ಕಾಲಿಗೂ ಇಳಿದಿದೆ. ಆದುದರಿಂದ ನಿಮ್ಮ ವೈದ್ಯರು ಸರಿಯಾದ ಸಮಯದಲ್ಲಿಯೇ ಬರೆದುಕೊಟ್ಟಿದ್ದಾರೆ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ಅಯಸ್ಕಾಂತದ ಬಗ್ಗೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರಗಳು 1.5 ಅಥವಾ 3 ಟೆಸ್ಲಾ ಶಕ್ತಿಯವು, 1.5 ಟೆಸ್ಲಾ ಎಂದರೆ ಭೂಮಿಯ ಅಯಸ್ಕಾಂತ ಬಲದ 30,000 ಪಟ್ಟಿಗೂ ಮಿಗಿಲು. ಸ್ಕ್ಯಾನ್ ನಡೆಯದಿರುವಾಗಲೂ, ಮಧ್ಯರಾತ್ರಿಯಲ್ಲಿಯೂ ಆ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಯೊಳಗೆ ಹೋದಾಗ, ಯಂತ್ರವು ಸಿಲಿಂಡರನ್ನು ಅವರ ಸಮೇತ ಸೆಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು. ಹಾಗಾಗಿ ಬಾಗಿಲಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆಯನ್ನು ಎರಡು ಮೂರು ಬಾರಿ ಕೇಳಿದರೆ ಬೇಸರಿಸಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಇದೆಯೇ, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಯಂತ್ರ ಕೂರಿಸಿದ್ದಾರೆಯೇ ಎಂದು ಅವರು ಕೇಳಲೇಬೇಕು, ನೀವು ಮುಚ್ಚುಮರೆಯಿಲ್ಲದೆ ಹೇಳಲೇಬೇಕು.

ನಿಮ್ಮ ಮಣಿಕಟ್ಟಿನ ಪ್ಲೇಟಿನ ವಿಷಯದಲ್ಲಿ ಗಾಬರಿ ಬೇಡ. ಮೂಳೆಗೆ ಹಾಕುವ ಪ್ಲೇಟುಗಳು ಹೆಚ್ಚಾಗಿ ಟೈಟಾನಿಯಂ ಅಥವಾ ಅಯಸ್ಕಾಂತಕ್ಕೆ ಅಂಟದ ಜಾತಿಯ ಸ್ಟೀಲಿನವು, ಮೇಲಾಗಿ ಸ್ಕ್ರೂ ಹಾಕಿ ಬಿಗಿದಿರುತ್ತವೆ. ಆದರೂ ಆ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತೆಗೆದುಕೊಂಡು ಹೋಗಿ. ಅದರೊಂದಿಗೆ ಹಳೆಯ ಎಕ್ಸ್‌ರೇಗಳೂ ಇರಲಿ.

ಇನ್ನು ಕರಿಮಣಿ. ಅಪ್ಪಟ ಚಿನ್ನವನ್ನು ಅಯಸ್ಕಾಂತ ಸೆಳೆಯುವುದಿಲ್ಲ ಎಂಬುದು ನಿಜ. ಆದರೆ ಸರದ ಕೊಂಡಿಯಲ್ಲಿ, ಅದಕ್ಕೆ ಸಿಕ್ಕಿಸಿದ ಪಿನ್ನಿನಲ್ಲಿ ಬೇರೆ ಲೋಹ ಇರಬಹುದು, ಲೋಹದ ಸರ ಮೈಗೆ ತಗುಲಿದ್ದಲ್ಲಿ ಬಿಸಿಯೂ ಆಗಬಹುದು, ಆದುದರಿಂದ ತೆಗೆಯಬೇಕಾಗುತ್ತದೆ. ಈ ಮಾತನ್ನು ಗದರಿಸಿ ಹೇಳುವ ಸಿಬ್ಬಂದಿಯನ್ನು ನಾನು ಕಂಡಿದ್ದೇನೆ, ಅದು ನನಗೆ ನೋವು ತಂದಿದೆ. ಮೂವತ್ತು ವರ್ಷ ಕೊರಳಲ್ಲಿದ್ದುದನ್ನು ಬಿಚ್ಚುವಾಗ ಕೈ ನಡುಗುವುದು ಸಹಜ. ಅನೇಕ ಹೆಂಗಸರು ಹಿಂದಿನ ದಿನವೇ ಮನೆಯಲ್ಲಿ ಅರಿಶಿನ ಹಚ್ಚಿದ ಹತ್ತಿಯ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು, ಕರಿಮಣಿಯನ್ನು ದೇವರ ಮುಂದಿಟ್ಟು ಬರುತ್ತಾರೆ. ದಾರಕ್ಕೂ ಅರಿಶಿನಕ್ಕೂ ಯಂತ್ರದಿಂದ ಯಾವ ಅಡ್ಡಿಯೂ ಇಲ್ಲ. ಮೂಗುತಿ, ಕಾಲುಂಗುರ, ಬಳೆ, ಹೇರ್‌ಪಿನ್, ಸೀರೆಯ ಸೇಫ್ಟಿ ಪಿನ್, ತಾಯಿತ, ಕಟ್ಟಿಸಿದ ಹಲ್ಲಿನ ಸೆಟ್ ಇವೆಲ್ಲ ಹೊರಗೆ ಉಳಿಯಬೇಕು. ಬಿಗಿಯಾದ ಮೂಗುತಿ ಆಸ್ಪತ್ರೆಯಲ್ಲಿ ಬಿಚ್ಚಲು ಬಾರದೆ ಸರದಿ ತಪ್ಪಿಸಿಕೊಂಡವರಿದ್ದಾರೆ. ಅದನ್ನು ಮನೆಯಲ್ಲಿಯೇ ಸಡಿಲಿಸಿಕೊಳ್ಳಿ. ನೋವಿಗೆಂದು ಸೊಂಟಕ್ಕೆ ಔಷಧಿಯ ಪಟ್ಟಿ ಅಂಟಿಸಿದ್ದರೆ ಅದನ್ನೂ ತೆಗೆಯಿರಿ, ಕೆಲವದರಲ್ಲಿ ಲೋಹದ ತೆಳು ಹಾಳೆ ಇರುತ್ತದೆ.

ಸಾದಾ ಸೊಂಟದ ಸ್ಕ್ಯಾನಿಗೆ ಉಪವಾಸ ಬೇಕಿಲ್ಲ. ಗಂಜಿ ಉಂಡು, ಬಿಪಿಯ ಮಾತ್ರೆ ಇದ್ದರೆ ನುಂಗಿಕೊಂಡು ಹೋಗಬಹುದು.

ಒಳಗೆ ಒಂದು ಕಿರಿದಾದ ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ಮಂಚ ನಿಧಾನವಾಗಿ ಜಾರಿ, ಎರಡೂ ತುದಿ ತೆರೆದಿರುವ ಕೊಳವೆಯೊಳಗೆ ಹೋಗುತ್ತದೆ. ಅದರ ಅಗಲ 60ರಿಂದ 70 ಸೆಂಟಿಮೀಟರ್. ಸೊಂಟ ನಟ್ಟನಡುವಿಗೆ ಬರಬೇಕಾದುದರಿಂದ ನಿಮ್ಮ ತಲೆ ಒಂದು ಬಾಯಿಯ ಹತ್ತಿರವೇ ಇರುತ್ತದೆ. ಒಳಗೆ ಬೆಳಕಿದೆ, ಗಾಳಿ ಆಡುತ್ತದೆ. ಉಸಿರು ಕಟ್ಟಿದ ಹಾಗೆ ಅನ್ನಿಸಬಹುದೇ ಹೊರತು ಉಸಿರಿಗೆ ನಿಜವಾದ ಕೊರತೆ ಇರುವುದಿಲ್ಲ. ಕೈಗೆ ಒಂದು ರಬ್ಬರಿನ ಗುಂಡಿ ಕೊಡುತ್ತಾರೆ, ಅದನ್ನು ಅಮುಕಿದರೆ ಗಾಜಿನ ಆಚೆ ಕುಳಿತವರಿಗೆ ತಿಳಿಯುತ್ತದೆ, ಅವರು ನಿಮ್ಮೊಡನೆ ಮಾತನಾಡುತ್ತಾರೆ. ಮಂಚ ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿಕೊಳ್ಳಿ, ಅಥವಾ ಕಣ್ಣಿನ ಮೇಲೊಂದು ಬಟ್ಟೆ ಹಾಕಲು ಕೇಳಿ. ಬೀಡಿಯನ್ನು 25ರ ಕಟ್ಟಾಗಿ ಎಣಿಸಿ ರೂಢಿಯಿರುವ ನೀವು ಉಸಿರನ್ನೂ ಹಾಗೆಯೇ ಎಣಿಸಬಹುದು. ಅಷ್ಟಾಗಿಯೂ ಭಯ ತಡೆಯಲಾರದಷ್ಟಿದ್ದರೆ ನಾಚಿಕೆಪಡದೆ ಮೊದಲೇ ವೈದ್ಯರಿಗೆ ಹೇಳಿ. ಸಣ್ಣ ಪ್ರಮಾಣದ ಔಷಧಿ ಕೊಡುತ್ತಾರೆ. ಆಗ ಜೊತೆಗೊಬ್ಬರು ಇರಲೇಬೇಕು.

ಸದ್ದು ಮಾತ್ರ ಜೋರು. ಯಂತ್ರದೊಳಗಿನ ತಂತಿಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗಿ ಅವು ಕಂಪಿಸುವುದರಿಂದ ಟಕಟಕ, ಡಬಡಬ ಎಂಬ ಬಡಿತ ಕೇಳಿಸುತ್ತದೆ, ನಡುವೆ ತುಸು ನಿಂತು ಮತ್ತೆ ಬೇರೆ ಸ್ವರದಲ್ಲಿ ಶುರುವಾಗುತ್ತದೆ. ಕಿವಿಗೆ ಬೆಂಡಿನಂಥ ಮುಚ್ಚಳ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. ನಿಮ್ಮಂಥವರಿಗೆ ನಿಜವಾದ ಕಷ್ಟವೆಂದರೆ, ಅಂಗಾತ ಮಲಗಿದರೆ ನೋಯುವ ಸೊಂಟವನ್ನಿಟ್ಟುಕೊಂಡು ಇಪ್ಪತ್ತರಿಂದ ಮೂವತ್ತು ನಿಮಿಷ ಅಲುಗಾಡದೆ ಮಲಗುವುದು. ಅಲುಗಿದರೆ ಚಿತ್ರ ಮಸುಕಾಗಿ ಪುನಃ ತೆಗೆಯಬೇಕಾಗುತ್ತದೆ. ಮೊಣಕಾಲಿನ ಕೆಳಗೆ ದಿಂಬು ಇಡಲು ಹೇಳಿ, ಸೊಂಟದ ಬಿಗಿತ ಬಹಳಷ್ಟು ಕಡಿಮೆಯಾಗುತ್ತದೆ. ಹೊರಡುವ ಮುಂಚೆ ನೋವಿನ ಮಾತ್ರೆ ಯಾವಾಗ ನುಂಗಬೇಕೆಂದು ವೈದ್ಯರಲ್ಲಿ ವಿಚಾರಿಸಿಕೊಳ್ಳಿ. ಮುಗಿದ ಮೇಲೆ ತಟ್ಟನೆ ಏಳದೆ ಒಂದು ನಿಮಿಷ ಕುಳಿತು ಇಳಿಯಿರಿ. ಮಾತ್ರೆಯ ಮಂಪರು ಇಲ್ಲದಿದ್ದರೆ ಅದೇ ದಿನ ಬಸ್ಸು ಹತ್ತಿ ಮನೆಗೆ ಮರಳಬಹುದು.

ಪ್ರಶ್ನೆ: ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುತ್ತೇನೆ. ಹತ್ತು ವರ್ಷದ ಹಿಂದೆ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತು, ತೆಗೆಸಿದ್ದೇನೆ. ಸೊಂಟದ ಎಂಆರ್‌ಐಗೆ ಇದನ್ನು ಹೇಳಬೇಕೇ?

ಉತ್ತರ: ಖಂಡಿತ ಹೇಳಬೇಕು. ಕೂದಲಿನಷ್ಟು ಚಿಕ್ಕ ಚೂರು ಉಳಿದಿದ್ದರೂ ಅಯಸ್ಕಾಂತದ ಸೆಳೆತಕ್ಕೆ ಅದು ಕದಲಿ ಕಣ್ಣಿಗೆ ಗಾಯ ಮಾಡಬಹುದು. ಮೊದಲು ಕಣ್ಣಿನ ಭಾಗದ ಒಂದು ಎಕ್ಸ್‌ರೇ ತೆಗೆದು, ಲೋಹ ಇಲ್ಲವೆಂದು ಖಚಿತವಾದ ಮೇಲೆ ಮುಂದುವರಿಯುತ್ತಾರೆ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವ ನಿಮ್ಮ ಜೊತೆಗಾರರಿಗೂ ಇದನ್ನು ತಿಳಿಸಿ.

ಪ್ರಶ್ನೆ: ಸುರತ್ಕಲ್‌ನಲ್ಲಿರುವ 61 ವರ್ಷದ ನಿವೃತ್ತ ನೌಕರ ನಾನು. ತೆಂಗಿನಕಾಯಿಯ ಗೋಣಿ ಎತ್ತಿ ಸೊಂಟ ಹಿಡಿದಾಗ ನಾನಾಗಿಯೇ ಹೋಗಿ ಎಂಆರ್‌ಐ ಮಾಡಿಸಿದೆ. ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಎಲ್5-ಎಸ್1 ಡೆಸಿಕೇಶನ್ ಎಂದು ಬರೆದಿದೆ. ನೋವು ಈಗ ಮುಕ್ಕಾಲು ಪಾಲು ಇಳಿದಿದೆ. ಆದರೆ ಡಿಸ್ಕ್ ಜಾರಿದೆ, ಆಪರೇಶನ್ ಆಗಲೇಬೇಕು ಎಂದು ಬಂಧುಗಳು ಹೆದರಿಸುತ್ತಿದ್ದಾರೆ.

ಉತ್ತರ: ಎಲ್4, ಎಲ್5, ಎಸ್1 ಎಂಬುವು ಸೊಂಟದ ಕೆಳಭಾಗದ ಬೆನ್ನುಮೂಳೆಗಳ ಗುರುತುಗಳಷ್ಟೇ. ಬಲ್ಜ್, ಡೆಸಿಕೇಶನ್ ಎಂಬ ಎರಡು ಪದಗಳು ನಿಮ್ಮ ವಯಸ್ಸಿನ ಬಹಳಷ್ಟು ಜನರ ರಿಪೋರ್ಟಿನಲ್ಲಿ ಸಿಗುತ್ತವೆ. ಡಿಸ್ಕಿನ ಒಳತಿರುಳು ಎಳೆಯ ಪ್ರಾಯದಲ್ಲಿ ತಾಟಿನುಂಗಿನ ಹಾಗೆ ನೀರು ತುಂಬಿ ಮೆತ್ತಗಿರುತ್ತದೆ, ವಯಸ್ಸಾದಂತೆ ನೀರು ಇಂಗುತ್ತದೆ. ಚಿತ್ರದಲ್ಲಿ ಬೆಳ್ಳಗೆ ಕಾಣಬೇಕಾದ ಡಿಸ್ಕ್ ಆಗ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಡೆಸಿಕೇಶನ್ ಎನ್ನುತ್ತಾರೆ. ಬಲ್ಜ್ ಎಂದರೆ ಡಿಸ್ಕಿನ ಅಂಚು ತುಸು ಉಬ್ಬಿದೆ ಎಂದಷ್ಟೇ ಅರ್ಥ. 1994ರಲ್ಲಿ ಅಮೆರಿಕದಲ್ಲಿ ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ ಅವರಲ್ಲಿ 52 ಶೇಕಡಾ ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಹಾಗಾಗಿ ಚಿತ್ರವೊಂದನ್ನೇ ನೋಡಿ ಶಸ್ತ್ರಚಿಕಿತ್ಸೆಯನ್ನು ಯಾರೂ ನಿರ್ಧರಿಸಬಾರದು. ಉಬ್ಬಿದ ಜಾಗದ ನರವೂ ನೋವು ಇಳಿಯುವ ದಾರಿಯೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ವೈದ್ಯರು ನಿಮ್ಮ ಕಾಲನ್ನು ಎತ್ತಿಸಿ, ಬೆರಳುಗಳ ಬಲ ನೋಡಿ, ಚರ್ಮದ ಸ್ಪರ್ಶ ಪರೀಕ್ಷಿಸಿ ತಿಳಿಯಬೇಕು. ರಿಪೋರ್ಟ್ ಹಿಡಿದುಕೊಂಡು ಅಂಥ ಪರೀಕ್ಷೆಗೆ ಒಮ್ಮೆ ಹೋಗಿಬನ್ನಿ. ನೋವು ಇಳಿಯುತ್ತಿರುವಾಗ ಆಪರೇಶನ್ನಿನ ಮಾತು ಬರುವ ಸಂಭವ ತೀರಾ ಕಡಿಮೆ.

ಆದರೆ ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗ ಮರಗಟ್ಟುವುದು, ಪಾದ ಎತ್ತಲಾರದೆ ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಸ್ಕ್ಯಾನಿನ ಸರದಿಗೆ ಕಾಯದೆ ಆ ಗಂಟೆಯಲ್ಲೇ ತುರ್ತು ವಿಭಾಗಕ್ಕೆ ಹೋಗಬೇಕು, ರಾತ್ರಿಯಾದರೂ ಸರಿ. ಸೊಂಟನೋವಿನ ಜೊತೆ ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದಾಗಲೂ ಕಡಿಮೆಯಾಗದ ರಾತ್ರಿಯ ನೋವು ಇದ್ದರೆ ವಾರಗಟ್ಟಲೆ ತಡ ಮಾಡಬೇಡಿ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇಂದಿಗೂ ಇದೆ, ಬೇಗ ತಿಳಿದರೆ ಔಷಧಿಯಲ್ಲಿಯೇ ಗುಣವಾಗುವ ಸಾಧ್ಯತೆ ಹೆಚ್ಚು.