ಬೆಂಡೆ ಗಿಡ ಎತ್ತರ ಹೋಗ್ತಿದೆ, ಕಾಯಿ ಮಾತ್ರ ಇಲ್ಲ

ಪ್ರಶ್ನೆ: ಕೋಲಾರದ ಹತ್ತಿರ ಅರ್ಧ ಎಕರೆ ಕೆಂಪು ಮಣ್ಣಿನಲ್ಲಿ ಬೆಂಡೆ ಹಾಕಿದ್ದೇನೆ. ಸಾಲಿನ ನಡುವೆ ಒಂದಡಿ, ಗಿಡದ ನಡುವೆಯೂ ಒಂದಡಿ. ಬೇಸಿಗೆ ಅಂತ ದಿನಾ ನೀರು ಹಾಯಿಸ್ತೇನೆ. 40 ದಿನ ಆಯ್ತು. ಗಿಡ ಸಣಕಲಾಗಿದೆ, ಕೆಳಗಿನ ಎಲೆ ಹಳದಿ, ಹೂವು ಉದುರುತ್ತಿದೆ. ಮಲ್ಚಿಂಗ್ (ಮಣ್ಣಿಗೆ ಹೊದಿಕೆ) ಮಾಡಿದರೆ ಸರಿಹೋಗುತ್ತಾ?

ಉತ್ತರ: ಮಲ್ಚಿಂಗ್ ಆಮೇಲೆ ನೋಡೋಣ. ಮೊದಲು ದಿನಾ ನೀರು ಹಾಯಿಸುವುದನ್ನು ನಿಲ್ಲಿಸಿ. ಬೆಂಡೆಯ ತಾಯಿಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ದಿನಾ ಮೇಲೆಯೇ ನೀರು ಸಿಕ್ಕರೆ ಅದು ಯಾಕೆ ಇಳಿಯಬೇಕು? ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿಯೂ ಆಡುವುದಿಲ್ಲ. ಆಗ ಕೆಳಗಿನ ಎಲೆ ಹೀಗೆ ಹಳದಿಯಾಗುತ್ತದೆ. ಆದರೆ ಎಳೆ ಎಲೆಯ ನರಗಳೇ ಬಲೆಯ ಹಾಗೆ ಹಳದಿಯಾಗಿದ್ದರೆ ಅದು ನೀರಿನ ತೊಂದರೆಯಲ್ಲ. ಬಿಳಿ ನೊಣ ಹರಡುವ ಹಳದಿ ನಂಜು ರೋಗ. ಆ ಗಿಡ ಕಿತ್ತುಬಿಡಿ.

ಮಧ್ಯಾಹ್ನ ಎಲೆ ಬಾಡಿತು ಅಂತ ಗಾಬರಿಯಾಗಬೇಡಿ. ಸಂಜೆಗೆ ಎದ್ದು ನಿಂತರೆ ಗಿಡ ಚೆನ್ನಾಗಿದೆ. ಬುಡದ ಪಕ್ಕ ಬೆರಳುದ್ದ ಕೆದಕಿ, ಮಣ್ಣನ್ನು ಅಂಗೈಯಲ್ಲಿ ಹಿಡಿದು ಅದುಮಿ. ಉಂಡೆ ಕಟ್ಟಿದರೆ ನೀರು ಬೇಡ, ಉದುರಿ ಹೋದರೆ ಬೇಕು. ಬೇಸಿಗೆಯಲ್ಲಿ ಸಾಮಾನ್ಯವಾಗಿ 4-5 ದಿನಕ್ಕೊಮ್ಮೆ ಸಾಕು.

ಅಂತರ ನಿಜಕ್ಕೂ ಕಡಿಮೆಯಾಗಿದೆ. ಸಾಲಿಗೆ ಎರಡಡಿ, ಗಿಡಕ್ಕೆ ಒಂದಡಿ ಬಿಟ್ಟಿದ್ದರೆ ಅರ್ಧ ಎಕರೆಗೆ ಸುಮಾರು 11 ಸಾವಿರ ಗಿಡ. ನಿಮ್ಮಲ್ಲಿ ಅದರ ಎರಡರಷ್ಟಿದೆ. ಬೆಳಕಿಗೆ ಪೈಪೋಟಿ ಬಿದ್ದು ಎಲ್ಲವೂ ಎತ್ತರ ಹೋಗುತ್ತಿವೆ, ಕವಲು ಒಡೆಯಲು ಜಾಗವಿಲ್ಲ. ಕಷ್ಟಪಟ್ಟು ಬೆಳೆಸಿದ ಗಿಡ ತೆಗೆಯಲು ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು. ಆದರೂ ಸೊರಗಿದ ಗಿಡಗಳನ್ನು ಈಗಲೇ ತೆಗೆಯಿರಿ. ಕೀಳಬೇಡಿ, ಪಕ್ಕದ ಗಿಡದ ಬೇರು ಅಲುಗಾಡುತ್ತದೆ. ನೆಲಮಟ್ಟಕ್ಕೆ ಕತ್ತರಿಸಿ.

ಆಮೇಲೆ ಹೊದಿಕೆ. ರಾಗಿ ಹುಲ್ಲು ದನಕ್ಕೆ ಬೇಕು, ಸುಮ್ನೆ ಖರ್ಚು ಮಾಡಬೇಡಿ. ಒಣಗಿದ ಹೊಂಗೆ ಎಲೆ, ಕಬ್ಬಿನ ರವದಿ ಸಾಕು. ಮೂರು ಇಂಚು ದಪ್ಪ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಗೆದ್ದಲು ಇರುವ ಹೊಲವಾದರೆ ಆಗಾಗ ಎತ್ತಿ ನೋಡಿ. ಹೊದಿಸಿದ ಮೇಲೆ ಮಣ್ಣು ನಿಧಾನವಾಗಿ ಒಣಗುತ್ತದೆ, ಹಾಗಾಗಿ ನೀರು ಹಾಯಿಸುವ ದಿನಗಳ ಅಂತರವನ್ನೂ ಹೆಚ್ಚಿಸಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ಹಳೇ ಲೆಕ್ಕದಲ್ಲೇ ನೀರು ಬಿಟ್ಟು ಬುಡ ಕೊಳೆಸಿಕೊಳ್ಳುತ್ತಾರೆ.

ಮುಂದಿನ ಬೆಳೆಗೆ ಡ್ರಿಪ್ ಹಾಕುವುದಾದರೆ ಬೆಳ್ಳಿ-ಕಪ್ಪು ಮಲ್ಚಿಂಗ್ ಶೀಟ್ ನೋಡಿ. ಬೆಳ್ಳಿ ಬಣ್ಣ ಮೇಲಿರಲಿ. ಅದರ ಹೊಳಪಿಗೆ ಬಿಳಿ ನೊಣ ಗಿಡದ ಹತ್ತಿರ ಬರುವುದು ಕಡಿಮೆಯಾಗುತ್ತದೆ.