ಸೆಪ್ಟೆಂಬರಿನ ಮೀನು ಕೇಳಿದ ಮಲ್ಪೆಯ ತಮ್ಮನಿಗೆ

ನೀನು ಕೇಳಿದ್ದು ಇಷ್ಟು: ಕೆನಡಾದ ವಿಕ್ಟೋರಿಯಾಕ್ಕೆ ಬಂದು ಮೂರು ವಾರ ಆಯಿತು, ಸೆಪ್ಟೆಂಬರ್ ಅರ್ಧ ಕಳೆಯಿತು, ಇನ್ನೂ ಸಾಲ್ಮನ್, ಹ್ಯಾಲಿಬಟ್ ಮೀನು ಸಿಗುತ್ತದಾ, ಲೈಸೆನ್ಸ್ ಬೇಕಾ, ಸಣ್ಣ ಬೋಟಿನಲ್ಲಿ ಹೋಗಬಹುದಾ. ಕೊನೆಗೊಂದು ಸಾಲು ಸೇರಿಸಿದ್ದಿ: "ನಾನು ಮಲ್ಪೆಯವನು ಅಣ್ಣ, ಕಡಲು ನನಗೆ ಹೊಸದಲ್ಲ." ಆ ಸಾಲು ಓದಿಯೇ ಇಷ್ಟುದ್ದ ಬರೆಯಲು ಕೂತೆ. ಹದಿನಾಲ್ಕು ವರ್ಷದ ಹಿಂದೆ ಗಂಗೊಳ್ಳಿಯಿಂದ ಬಂದಿಳಿದಾಗ ನನ್ನ ಬಾಯಲ್ಲೂ ಇದೇ ಮಾತು.

ಲೈಸೆನ್ಸ್ ಬೇಕು. ಆನ್‌ಲೈನಿನಲ್ಲೇ ಸಿಗುತ್ತದೆ, ಅದರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಸಾಲ್ಮನ್ ಮನೆಗೆ ತರುವುದಾದರೆ ಲೈಸೆನ್ಸಿನ ಜೊತೆ ಸಾಲ್ಮನ್ ಸ್ಟ್ಯಾಂಪು ಬೇರೆ. ಎಷ್ಟು ಮೀನು, ಯಾವ ಅಳತೆಯದ್ದು ಇಟ್ಟುಕೊಳ್ಳಬಹುದು ಎಂಬುದು ಸೀಸನ್ ನಡುವೆಯೇ ಬದಲಾಗುತ್ತದೆ. ಹೊರಡುವ ದಿನ ಮೀನುಗಾರಿಕೆ ಇಲಾಖೆಯ ನೋಟಿಸ್ ನೋಡು, ನನ್ನ ಮಾತು ನಂಬಬೇಡ. ಸಾಲ್ಮನ್ ಗಾಳಕ್ಕೆ ಹಿಮ್ಮುಳ್ಳು ಇರಕೂಡದು. ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದರೂ ನಡೆಯುತ್ತದೆ.

ಊರಲ್ಲಿ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿಯುವ ಹೊತ್ತಿಗೆ ಇಲ್ಲಿ ಚಿನೂಕ್ ಎಂಬ ಸಾಲ್ಮನ್ ಜೋರು. ಈಗ ಅದು ಹೊಳೆ ಹತ್ತುವ ಕಾಲ, ಪಕ್ಕದ ಸೂಕ್ ಊರಿನ ಕಡೆ ಕೊಹೋ ಎಂಬ ಇನ್ನೊಂದು ಸಾಲ್ಮನ್ ಬರುತ್ತದೆ. ಅದರ ಬೆನ್ನ ಮೇಲೆ, ಬಾಲದ ಹತ್ತಿರ ಪುಟ್ಟ ರೆಕ್ಕೆಯೊಂದಿದೆ. ಅದು ಕತ್ತರಿಸಿದ್ದರೆ ಮರಿ ಸಾಕಿ ಬಿಟ್ಟ ಮೀನು. ಇದ್ದರೆ ಹೊಳೆಯಲ್ಲೇ ಹುಟ್ಟಿದ್ದು, ಹೆಚ್ಚಾಗಿ ಬಿಡಬೇಕಾಗುತ್ತದೆ. ಮೀನು ನೀರಲ್ಲಿರುವಾಗಲೇ ನೋಡಿಕೋ.

ಹ್ಯಾಲಿಬಟ್ ಅಂದರೆ ನಮ್ಮ ಚಪ್ಪಟೆ ನಂಗು ಮೀನಿನ ದೊಡ್ಡಪ್ಪ. ಎರಡೂ ಕಣ್ಣು ಒಂದೇ ಬದಿಗೆ, ತಳದಲ್ಲಿ ಮಲಗಿರುವ ಜಾತಿ. ಚಳಿಗಾಲಕ್ಕೆ ಮೊಟ್ಟೆಯಿಡಲು ಆಳಕ್ಕೆ ಸರಿಯುತ್ತದೆ, ಹಾಗಾಗಿ ಕಾಯುವಂತಿಲ್ಲ. ಇನ್ನೂರು ಮುನ್ನೂರು ಅಡಿ ನೀರಲ್ಲಿ ಲಂಗರು ಬಿಟ್ಟು, ಭರತ ಇಳಿತಗಳ ನಡುವೆ ನೀರು ನಿಂತ ಹೊತ್ತಿಗೆ ಹಿಡಿಯಬೇಕು.

ನಾನು ಕೆಟ್ಟದ್ದು ಆ ಲಂಗರಿನಲ್ಲೇ. ಮೊದಲ ಸೆಪ್ಟೆಂಬರ್, ಬಾಡಿಗೆಯ ಹದಿನಾರು ಅಡಿ ಬೋಟು, ಜೊತೆಗೆ ಕೆಲಸದಲ್ಲಿದ್ದ ಲುಧಿಯಾನದ ಹುಡುಗ. ಅವನು ಕಡಲು ಕಂಡದ್ದೇ ಈ ದೇಶಕ್ಕೆ ಬಂದ ಮೇಲೆ. ಬೆಳಿಗ್ಗೆ ಚೊಕ್ಕ ಬಿಸಿಲು. ಹನ್ನೊಂದಕ್ಕೆ ಪಶ್ಚಿಮದಲ್ಲಿ ಬಿಳಿ ಗೋಡೆ ಎದ್ದಿತು. "ವಾಪಸ್ ಹೋಗೋಣ" ಅಂದ. ನಾನು ನಕ್ಕುಬಿಟ್ಟೆ. ಮಳೆಗಾಲದ ಅಳಿವೆ ದಾಟಿದವರ ಮನೆಯವನು ನಾನು, ಗೋಧಿ ಗದ್ದೆಯವನು ನನಗೆ ಹೇಳುವುದೇ?

ಅರ್ಧ ಗಂಟೆಯಲ್ಲಿ ಬೋಟಿನ ಮೂತಿಯೇ ಕಾಣದಷ್ಟು ಮಂಜು. ಇಳಿತದ ನೀರು ಪಶ್ಚಿಮಕ್ಕೆ ಎಳೆಯುತ್ತಿತ್ತು, ಗಾಳಿ ಪಶ್ಚಿಮದಿಂದಲೇ ಬರುತ್ತಿತ್ತು. ಎರಡೂ ಎದುರಾದರೆ ಅಲೆ ಗಿಡ್ಡವಾಗಿ, ನೆಟ್ಟಗೆ ಏಳುತ್ತದೆ. ಲಂಗರಿಗೆ ಕಟ್ಟಿದ ಮೂತಿ ಪೂರ್ವಕ್ಕೆ ತಿರುಗಿತ್ತು, ಅಲೆ ಹಿಂದಿನಿಂದ ಒಳಗೆ ನುಗ್ಗಿತು. ಅಷ್ಟರಲ್ಲಿ ಹಡಗಿನ ಹಾರ್ನ್. ಎರಡು ನಿಮಿಷಕ್ಕೊಮ್ಮೆ ಒಂದು ಉದ್ದನೆಯ ಕೂಗು, ಪ್ರತಿ ಸಲ ಹತ್ತಿರದಿಂದ. ರೇಡಿಯೋ ಇರಲಿಲ್ಲ. ಹಗ್ಗ ಕೊಯ್ದು ಲಂಗರು ಬಿಟ್ಟೆ. ಅವನು ಊಟದ ಡಬ್ಬಿಯಲ್ಲಿ ನೀರು ಎತ್ತಿ ಚೆಲ್ಲುತ್ತಲೇ ಇದ್ದ, ಒಂದು ಮಾತಾಡಲಿಲ್ಲ. ಹಡಗು ನಮಗೆ ಕಾಣಲೇ ಇಲ್ಲ. ಅದರ ಅಲೆ ಮಾತ್ರ ಬಂದು ಬಡಿಯಿತು.

ಅವನು ಮತ್ತೆ ನನ್ನ ಜೊತೆ ಬೋಟು ಹತ್ತಲಿಲ್ಲ. ಈಗ ಕ್ಯಾಲ್ಗರಿಯಲ್ಲಿದ್ದಾನೆ, ದೀಪಾವಳಿಗೆ ಮೆಸೇಜು ಹಾಕುತ್ತಾನೆ. ಅವತ್ತು ನೀನು ಹೇಳಿದ್ದೇ ಸರಿ ಎಂಬ ಒಂದು ಮಾತು ಇವತ್ತಿಗೂ ನನ್ನ ಬಾಯಿಂದ ಬಂದಿಲ್ಲ.

ಇಲ್ಲಿಯ ನೀರು ಹತ್ತು ಡಿಗ್ರಿ ಆಸುಪಾಸು ಮಾರಾಯ. ಬಿದ್ದರೆ ಮೊದಲು ಉಸಿರೇ ಕಟ್ಟುತ್ತದೆ, ಈಜು ಆಮೇಲಿನ ಮಾತು. ಲೈಫ್ ಜಾಕೆಟ್ ಮೈಮೇಲೇ ಇರಲಿ, ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ. ಈ ವರ್ಷ ದುಡ್ಡು ಕೊಟ್ಟು ಇಲ್ಲಿಯವರ ಚಾರ್ಟರ್ ಬೋಟಿನಲ್ಲೇ ಹೋಗು. ಹ್ಯಾಲಿಬಟ್ ಸಿಕ್ಕರೆ ತೆಂಗಿನಕಾಯಿ ಅರೆದ ಸಾರಿಗೆ ಚೆನ್ನ, ಕೊಹೋಗೆ ಪುಳಿಮುಂಚಿಯೇ ಆಗಬೇಕು. ಊರಿನ ಹುಣಸೆಹಣ್ಣು ನಮ್ಮಲ್ಲಿ ಇನ್ನೂ ಒಂದು ಡಬ್ಬಿ ಇದೆ, ಶನಿವಾರ ಬಂದು ತೆಗೆದುಕೊಂಡು ಹೋಗು.